ಹದಿನಾಲ್ಕರಲ್ಲಿ ಸಿಕ್ಕ ಮನೆ



ಇವತ್ತು ರಾಜಕೀಯ ಬೇಡ. ಯಾರು ಯಾವ ಪಾರ್ಟಿಗೆ ಹಾರಿದರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದು ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ಒಬ್ಬ ಹುಡುಗಿಯ ವಿಷಯ ಮಾತಾಡೋಣ.

ಸ್ವಲ್ಪ ಊಹಿಸಿಕೊಳ್ಳಿ. ಹದಿನಾಲ್ಕು ವರ್ಷದ ಹುಡುಗಿ. ಎಂಟನೇ ಕ್ಲಾಸು ಮುಗಿದಿದೆ. ಐದಾರು ವರ್ಷ ಬಾಲಮಂದಿರದಲ್ಲಿ ಬೆಳೆದವಳು. ಒಂದು ದಿನ ಕಾರಿನಲ್ಲಿ ಕೂರಿಸಿಕೊಂಡು ದಾಂಡೇಲಿಗೆ ಕರ್ಕೊಂಡು ಬರ್ತಾರೆ. ದಾರಿಯುದ್ದಕ್ಕೂ ಸಾಗುವಾನಿ ಮರಗಳು, ಬಿದಿರು ಮೆಳೆ. ಮನೆ ಬಾಗಿಲಲ್ಲಿ ಹೊಸ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ, ಹೊಸ ಅಪ್ಪನಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತಲೂ ಗೊತ್ತಾಗ್ತಿಲ್ಲ. ಎಲ್ಲರ ಕಣ್ಣಲ್ಲೂ ನೀರು. ಆಗ ಹಿರಿಯರೊಬ್ಬರು ಪ್ರೀತಿಯಿಂದಲೇ ತಲೆ ಸವರಿ ಹೇಳ್ತಾರೆ: 'ಇನ್ಮೇಲೆ ಇದೇ ನಿನ್ನ ಮನೆ ಮಗಾ. ಹಳೇದೆಲ್ಲ ಮರೆತುಬಿಡು.'

ನೋಡಿ, ಆ ಮನೆಯಲ್ಲಿ ಮುಂದೆ ಆಗೋ ಅರ್ಧ ತೊಂದರೆಗೆ ಆ ಒಂದೇ ಮಾತು ಸಾಕು. ಮರೆತುಬಿಡು ಅನ್ನೋ ಮಾತು.

ಆರು ತಿಂಗಳ ಕೂಸನ್ನ ದತ್ತು ತಗೊಂಡ್ರೆ ಅದಕ್ಕೆ ಮರೆಯೋದಕ್ಕೆ ಏನೂ ಇರಲ್ಲ, ಹೆಚ್ಚೆಂದರೆ ಒಂದು ವಾಸನೆ, ಒಂದು ದನಿ. ಹದಿನಾಲ್ಕು ವರ್ಷದವಳಿಗೆ ಹದಿನಾಲ್ಕು ವರ್ಷ ಇದೆ. ಅವಳಿಗೊಂದು ಹೆಸರಿದೆ. ಅವಳದ್ದೊಂದು ಮಾತು ಇದೆ. ಬಹುಶಃ ಸತ್ತುಹೋದ ತಾಯಿಯ ಮುಖ ಇದೆ, ಅಥವಾ ಬಿಟ್ಟುಹೋದ ತಾಯಿಯ ಬೆನ್ನು ಇದೆ. ಬಾಲಮಂದಿರದಲ್ಲಿ ಪಕ್ಕದ ಚಾಪೆಯಲ್ಲಿ ಮಲಗ್ತಿದ್ದ ಗೆಳತಿ ಇದ್ದಾಳೆ. ಇಷ್ಟನ್ನೂ ಹೊಸ್ತಿಲ ಆಚೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಬಾ ಅಂದ್ರೆ ಯಾರಿಗಾದ್ರೂ ಸಾಧ್ಯವೇನ್ರಿ?

ನಾನು ದಾಂಡೇಲಿ ಹೆಸರು ಸುಮ್ಮನೆ ತಗೊಂಡಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲೂಕು ಇದ್ದಾವಲ್ಲ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಆ ನಾಲ್ಕನ್ನೂ ಒಮ್ಮೆ ಗಮನವಿಟ್ಟು ನೋಡಿ. ಅದು ಬೇರೆ ಕಡೆಯಿಂದ ಬಂದವರ ನಾಡು. ದತ್ತು ಬಂದವರ ನಾಡು ಅಂತಲೇ ಹೇಳಬಹುದು.

ಮುಂಡಗೋಡಕ್ಕೆ ಹೋಗಿ. 1966ರಲ್ಲಿ ಅಲ್ಲಿ ಟಿಬೆಟನ್ನರ ಕಾಲೋನಿ ಶುರುವಾಯ್ತು. ಹಿಮಾಲಯದ ಆಚೆಯ ಜನ, ಬಯಲುಸೀಮೆಯ ಅಂಚಿನ ಕಾಡಿಗೆ ಬಂದು ಜೋಳ ಬೆಳೆಯೋದಕ್ಕೆ ಕಲಿತರು. ಇವತ್ತಿಗೂ ಅವರ ಪ್ರಾರ್ಥನಾ ಬಾವುಟ ಹಾರ್ತಿದೆ, ಅವರ ಮಠಗಳಲ್ಲಿ ಅವರ ಭಾಷೆಯಲ್ಲೇ ಪಾಠ ನಡೀತಿದೆ. ಹಳಿಯಾಳದ ಕಡೆ ಬನ್ನಿ. ಅಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತರಲಾದವರ ವಂಶದವರು, ಗೋವಾದಿಂದ ತಪ್ಪಿಸಿಕೊಂಡು ಈ ಕಾಡಿಗೆ ಸೇರಿದವರು. ಕೊಂಕಣಿ ಮಾತಾಡ್ತಾರೆ, ಕನ್ನಡ ಮಾತಾಡ್ತಾರೆ, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಧರ್ಮದವರಿದ್ದಾರೆ. ಆದ್ರೆ ಡಮಾಮಿ ಬಾರಿಸಿದ ತಕ್ಷಣ ಕಾಲು ಕುಣಿಯೋದು ಅದೇ ಹಳೇ ತಾಳಕ್ಕೆ. ಎಮ್ಮೆ ಕಾಯುವ ಗೌಳಿಗರು ಮಹಾರಾಷ್ಟ್ರದ ಕಡೆಯಿಂದ ಬಂದವರು. ಜೋಯಿಡಾ ತಾಲೂಕಿನ ಹಳೇ ಹೆಸರೇ ಸೂಪಾ. ಆ ಸೂಪಾ ಊರೇ ಕಾಳಿ ನದಿಯ ಅಣೆಕಟ್ಟಿನ ನೀರಲ್ಲಿ ಮುಳುಗಿಹೋಯ್ತು, ನಿರಾಶ್ರಿತರಾದವರು ರಾಮನಗರದಲ್ಲಿ ಹೊಸ ಮನೆ ಕಟ್ಟಿಕೊಂಡ್ರು. ಇನ್ನು ದಾಂಡೇಲಿ? 1950ರ ದಶಕದಲ್ಲಿ ಪೇಪರ್ ಮಿಲ್ ಬಂತು, ಹಿಂದೆಯೇ ಎಲ್ಲೆಲ್ಲಿಂದಲೋ ಕಾರ್ಮಿಕರು ಬಂದ್ರು. ಒಂದೇ ಓಣಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಹಿಂದಿ.

ಇವರಲ್ಲಿ ಯಾರಾದ್ರೂ ಹಳೇದನ್ನ ಮರೆತು ಈ ನೆಲದವರಾದ್ರಾ? ಇಲ್ಲ. ಹಳೇದನ್ನ ಜೊತೆಗಿಟ್ಟುಕೊಂಡೇ ಈ ನೆಲದವರಾದರು. ಸಂತೆಯಲ್ಲಿ ಯಾರೂ ಟಿಬೆಟನ್ ಅಜ್ಜಿಗೆ 'ಮೊದಲು ಲಾಸಾ ಮರೆತು ಬಾ, ಆಮೇಲೆ ತರಕಾರಿ ಕೊಡ್ತೀವಿ' ಅನ್ನಲಿಲ್ಲ. ಊರು ಇಷ್ಟು ದೊಡ್ಡ ಮನಸ್ಸು ಮಾಡಿದೆ. ಪ್ರಶ್ನೆ ಏನಂದ್ರೆ, ಊರು ಮಾಡಿದ್ದನ್ನ ಒಂದು ಮನೆ ಮಾಡೋದಕ್ಕೆ ಆಗುತ್ತಾ?

ಇಲ್ಲೊಂದು ಇತಿಹಾಸ ಹೇಳಬೇಕು. ನಮ್ಮಲ್ಲಿ ದತ್ತು ಅಂದ್ರೆ ಗಂಡುಮಗ. ಹಳಿಯಾಳದಿಂದ ಹೆಚ್ಚು ದೂರವಿಲ್ಲದ ಕಿತ್ತೂರು ನೆನಪಿಸಿಕೊಳ್ಳಿ. 1824ರಲ್ಲಿ ರಾಣಿ ಚೆನ್ನಮ್ಮ ಬ್ರಿಟಿಷರ ಮೇಲೆ ಕತ್ತಿ ಎತ್ತಿದ್ದು ಯಾಕೆ? ದತ್ತುಪುತ್ರ ಶಿವಲಿಂಗಪ್ಪನನ್ನ ಒಪ್ಪಲ್ಲ ಅಂತ ಧಾರವಾಡದ ಕಲೆಕ್ಟರ್ ಥ್ಯಾಕರೆ ಹೇಳಿದ್ದಕ್ಕೆ. ಸಂಸ್ಥಾನ ಉಳೀಬೇಕು, ವಂಶ ಉಳೀಬೇಕು, ಪಿಂಡ ಇಡೋದಕ್ಕೆ ಒಬ್ಬ ಬೇಕು. ಅದಕ್ಕೆ ದತ್ತು. ಮಗಳನ್ನ ದತ್ತು ತಗೊಳ್ಳೋದಕ್ಕೆ ಹಿಂದೂ ಕಾನೂನಿನಲ್ಲಿ ಎಲ್ಲರಿಗೂ ಸ್ಪಷ್ಟವಾದ ಹಕ್ಕು ಸಿಕ್ಕಿದ್ದು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂದಮೇಲೆ. ಅಂದ್ರೆ ಕಾನೂನಿಗೆ 'ದತ್ತು ಮಗಳು' ಅನ್ನೋ ಪದ ಇನ್ನೂ ನೂರು ವರ್ಷವೂ ಆಗದ ಹೊಸ ಪದ.

ಹಾಗಾದ್ರೆ ಹಿಂದೆ ಹೆಣ್ಣುಮಕ್ಕಳು ಬೇರೆಯವರ ಮನೆಯಲ್ಲಿ ಬೆಳೀತಿರಲಿಲ್ವಾ? ಬೆಳೀತಿದ್ರು. ಅದಕ್ಕೆ ಬೇರೆ ಪದ ಇತ್ತು. 'ಸಾಕಿಕೊಂಡಿದ್ದೇವೆ' ಅಂತ. ಬಡವರ ಮನೆ ಹುಡುಗಿ, ಅಪ್ಪ ಇಲ್ಲ, ಅಮ್ಮನಿಗೆ ಆಗಲ್ಲ, 'ನಮ್ಮ ಮನೇಲಿ ಇರಲಿ ಬಿಡಿ, ಎರಡು ಹೊತ್ತು ಊಟ, ಬಟ್ಟೆ, ಮುಂದೆ ಮದುವೆ ಮಾಡಿಕೊಡ್ತೀವಿ' ಅಂತ ಕರ್ಕೊಂಡು ಬರ್ತಿದ್ರು. ಕೆಲವು ಮನೆಯಲ್ಲಿ ಅವಳು ನಿಜವಾಗಿ ಮಗಳಾದಳು, ನಾನು ಇಲ್ಲ ಅನ್ನಲ್ಲ. ಇನ್ನು ಬಹಳ ಮನೆಗಳಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚೋದು ಅವಳು, ಎಲ್ಲರ ಊಟ ಆದಮೇಲೆ ಉಣ್ಣೋದು ಅವಳು, ಶಾಲೆ ಬಿಟ್ಟಿದ್ದೂ ಅವಳೇ. ಸಿದ್ದಿ ಸಮುದಾಯದ ಹಿರಿಯರನ್ನ ಕೇಳಿ, ಯಜಮಾನರ ಮನೆಗಳಲ್ಲಿ ಚಾಕರಿ ಅಂದ್ರೆ ಏನು ಅಂತ ಅವರು ಹೇಳ್ತಾರೆ.

ಇವತ್ತೂ ಇದು ಮುಗಿದಿಲ್ಲ. ಅದಕ್ಕೇ ನಾನು ಒಂದು ಪರೀಕ್ಷೆ ಹೇಳ್ತೀನಿ, ಬಹಳ ಸುಲಭದ್ದು. ನಿಮ್ಮ ಮನೆಗೆ ಬಂದ ಹುಡುಗಿ 'ಇವತ್ತು ಪಾತ್ರೆ ತೊಳೆಯಲ್ಲ, ನನಗೆ ಬೇಜಾರು' ಅಂದ್ರೆ ನಿಮಗೆ ಏನನ್ನಿಸುತ್ತೆ? ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಅಂದಾಗ ಬರೋ ಸಿಟ್ಟೇ ಬಂದ್ರೆ ಅವಳು ಮಗಳು. 'ಇಷ್ಟೆಲ್ಲ ಮಾಡಿದ್ದೀವಿ, ಇವಳಿಗೆ ಎಷ್ಟು ಸೊಕ್ಕು' ಅನ್ನಿಸಿದ್ರೆ, ಕ್ಷಮಿಸಿ, ನೀವು ತಂದಿದ್ದು ಮಗಳನ್ನಲ್ಲ.

ಮಹಾಭಾರತದಲ್ಲಿ ಇಂಥ ಒಬ್ಬ ಹುಡುಗಿ ಇದ್ದಾಳೆ, ನಾವು ಯಾರೂ ಅವಳನ್ನ ಹಾಗೆ ನೋಡಿಲ್ಲ. ಕುಂತಿ. ಅವಳ ಹುಟ್ಟಿದ ಹೆಸರು ಪೃಥೆ. ಅಪ್ಪ ಶೂರಸೇನ. ಮಕ್ಕಳಿಲ್ಲದ ಬಂಧು ಕುಂತಿಭೋಜನಿಗೆ ಮೊದಲ ಮಗುವನ್ನ ಕೊಡ್ತೀನಿ ಅಂತ ಮಾತು ಕೊಟ್ಟಿದ್ದ, ಕೊಟ್ಟುಬಿಟ್ಟ. ಹೊಸ ಮನೆಯಲ್ಲಿ ಹೆಸರೂ ಬದಲಾಯ್ತು. ಆಮೇಲೆ ಆ ಮನೆಗೆ ಮಹಾ ಸಿಡುಕಿನ ಅತಿಥಿ ಬಂದ, ದುರ್ವಾಸ. ಸೇವೆಗೆ ಯಾರನ್ನ ನೇಮಿಸಿದ್ರು? ಈ ಹುಡುಗಿಯನ್ನ. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಕುಲಕ್ಕೇ ಅಪಾಯ ಅನ್ನೋ ಎಚ್ಚರಿಕೆ ಬೇರೆ. ಅವಳು ಹಗಲುರಾತ್ರಿ ಸೇವೆ ಮಾಡಿದಳು. ವರ ಸಿಕ್ತು. ಆ ವರದಿಂದ ಕರ್ಣ ಹುಟ್ಟಿದ.

ಆಗ ಏನಾಯ್ತು ನೋಡಿ. ಆ ಅರಮನೆಯಲ್ಲಿ ಅಷ್ಟು ಜನ ಇದ್ರು. ಅವಳಿಗೆ ತನ್ನ ಕಷ್ಟ ಹೇಳಿಕೊಳ್ಳೋದಕ್ಕೆ ಸಿಕ್ಕಿದ್ದು ಒಬ್ಬ ದಾದಿ ಮಾತ್ರ. ಅಪ್ಪ ಅಂತ ಕರೆಯೋ ಮನುಷ್ಯನ ಹತ್ರ ಹೇಳೋದಕ್ಕೆ ಧೈರ್ಯ ಬರಲಿಲ್ಲ. ಪೆಟ್ಟಿಗೆಯಲ್ಲಿ ಮಗುವನ್ನಿಟ್ಟು ಹೊಳೆಗೆ ಬಿಟ್ಟಳು. ಯಕ್ಷಗಾನದಲ್ಲಿ, ತಾಳಮದ್ದಲೆಯಲ್ಲಿ ನಾವು ರಾತ್ರಿಯಿಡೀ ಕರ್ಣನಿಗಾಗಿ ಅಳ್ತೀವಿ. ಆ ಹುಡುಗಿಗೆ 'ಇದು ನನ್ನ ಮನೆ, ಇಲ್ಲಿ ತಪ್ಪು ಮಾಡಿದರೂ ನನ್ನನ್ನ ಹೊರಗೆ ಹಾಕಲ್ಲ' ಅನ್ನೋ ನಂಬಿಕೆ ಇದ್ದಿದ್ರೆ? ಎಷ್ಟೋ ವರ್ಷ ಆದಮೇಲೆ, ಮೊಮ್ಮಕ್ಕಳನ್ನ ಕಂಡ ವಯಸ್ಸಿನಲ್ಲಿ, ಅವಳು ಕೃಷ್ಣನ ಮುಂದೆ ದೂರಿದ್ದು ದುರ್ಯೋಧನನನ್ನಲ್ಲ, ತನ್ನನ್ನ ಸಂಪತ್ತಿನ ಹಾಗೆ ಎತ್ತಿಕೊಟ್ಟ ಹುಟ್ಟಿದ ಅಪ್ಪನನ್ನ. ಆ ನೋವು ಅಷ್ಟು ವರ್ಷ ಒಳಗೇ ಇತ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ದತ್ತು ಬಂದ ಹದಿಹರೆಯದ ಹುಡುಗಿಗೆ ಮನೆಯಿಂದ ಬೇಕಾಗಿರೋದು ಮುಖ್ಯವಾಗಿ ಅದೊಂದೇ. ತಪ್ಪು ಮಾಡಿದರೂ ಹೊರಗೆ ಹಾಕಲ್ಲ ಅನ್ನೋ ನಂಬಿಕೆ. ಆ ನಂಬಿಕೆ ಮಾತಿನಿಂದ ಬರಲ್ಲ. ಅದಕ್ಕೇ ಅವಳು ಪರೀಕ್ಷೆ ಮಾಡ್ತಾಳೆ.

ಮೊದಲ ಕೆಲವು ವಾರ ಎಲ್ಲಾ ಚೆನ್ನಾಗಿರುತ್ತೆ. ಹೇಳಿದ ಮಾತು ಕೇಳ್ತಾಳೆ, ಬೇಗ ಏಳ್ತಾಳೆ, ತಟ್ಟೆಯಲ್ಲಿ ಏನೂ ಬಿಡಲ್ಲ. ಅಕ್ಕಪಕ್ಕದವರೆಲ್ಲ 'ಎಂಥ ಒಳ್ಳೇ ಹುಡುಗಿ' ಅಂತಾರೆ. ಅದು ಅತಿಥಿಯ ನಡವಳಿಕೆ ಸ್ವಾಮಿ, ಮಗಳದ್ದಲ್ಲ. ಆಮೇಲೆ ಶುರುವಾಗುತ್ತೆ. ಸುಳ್ಳು ಹೇಳ್ತಾಳೆ. ಬಾಗಿಲು ಧಡಾರನೆ ಹಾಕ್ತಾಳೆ. ದಿಂಬಿನ ಕೆಳಗೆ ಬಿಸ್ಕೆಟ್ ಪೊಟ್ಟಣ ಸಿಗುತ್ತೆ. 'ನೀವೇನು ನನ್ನ ಅಮ್ಮನಾ' ಅಂತ ಒಂದಿನ ಮುಖಕ್ಕೆ ಹೊಡೆದ ಹಾಗೆ ಅಂದುಬಿಡ್ತಾಳೆ. ಮನೆಯವರು ಕುಸಿದುಹೋಗ್ತಾರೆ. 'ನಾವು ತಪ್ಪು ಮಾಡಿದ್ವಿ, ರಕ್ತ ಬೇರೆ ಅಲ್ವಾ' ಅನ್ನೋ ಮಾತು ಅಲ್ಲಿಂದ ಹುಟ್ಟುತ್ತೆ.

ರಕ್ತದ ವಿಷಯ ಅಲ್ಲ ಅದು. ಬಿಸ್ಕೆಟ್ ಬಚ್ಚಿಟ್ಟವಳಿಗೆ ಒಂದು ಕಾಲದಲ್ಲಿ ಹಸಿವು ಗೊತ್ತಿತ್ತು, ಅಷ್ಟೇ. ಬಾಲಮಂದಿರದಲ್ಲಿ ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ನಿದ್ದೆ. ಏನು ತಿಂತೀಯಾ, ಯಾವ ಬಣ್ಣದ ಡ್ರೆಸ್ ಬೇಕು ಅಂತ ಯಾರೂ ಕೇಳಿರಲಿಲ್ಲ. ಇಲ್ಲಿ ಫ್ರಿಡ್ಜ್ ತೆಗೆಯೋದಕ್ಕೆ ಪರ್ಮಿಷನ್ ಬೇಕಾ ಬೇಡವಾ ಅನ್ನೋದೂ ಅವಳಿಗೆ ಗೊತ್ತಿರಲ್ಲ. ಕೇಳಿದ್ರೆ ಅವಮಾನ, ಕೇಳದೆ ತೆಗೆದ್ರೆ ಕಳ್ಳತನ ಅನ್ನಿಸೀತು ಅನ್ನೋ ಭಯ. ಹೊಸ ಅಮ್ಮನನ್ನ ಪ್ರೀತಿಸಿದ್ರೆ ಹಳೇ ಅಮ್ಮನಿಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತೆ. ಅದಕ್ಕೇ ಪ್ರೀತಿ ಹೆಚ್ಚಾದ ದಿನವೇ ಜಗಳ ತೆಗೀತಾಳೆ. ಒಳಗಿಂದ ಕೇಳ್ತಿರೋದು ಒಂದೇ ಪ್ರಶ್ನೆ: ಒಮ್ಮೆ ನನ್ನನ್ನ ಬಿಟ್ಟಿದ್ದಾರೆ, ಇವರೂ ಬಿಡ್ತಾರಾ? ಬಿಡೋದಾದ್ರೆ ಈಗಲೇ ಬಿಟ್ಟುಬಿಡಲಿ.

ಆವಾಗ ಮನೆಯವರು ಮಾಡಬೇಕಾದ್ದು ಬಹಳ ಸಣ್ಣ ಸಣ್ಣ ಕೆಲಸಗಳು. ತಿಂಡಿ ಡಬ್ಬ ಅವಳ ಕೈಗೆ ಸಿಗೋ ಹಾಗೆ ಇಡಿ, ಬಿಸ್ಕೆಟ್ ಬಗ್ಗೆ ವಿಚಾರಣೆ ಮಾಡಬೇಡಿ. ಬಾಗಿಲಿಗೆ ಚಿಲಕ ಇರೋ ಒಂದು ಕೋಣೆ ಕೊಡಿ, ಕೋಣೆ ಇಲ್ಲದಿದ್ರೆ ಬೀಗ ಇರೋ ಒಂದು ಟ್ರಂಕ್ ಆದ್ರೂ ಕೊಡಿ. ಅಮ್ಮ, ಅಪ್ಪ ಅಂತ ಕರೀಲೇಬೇಕು ಅಂತ ಹಟ ಮಾಡಬೇಡಿ, ಆ ಪದ ತಾನಾಗಿ ಬರಲಿ, ಬರೋದಕ್ಕೆ ವರ್ಷ ಆದ್ರೂ ಆಗಲಿ. ಮುಟ್ಟಿನ ದಿನಗಳಲ್ಲಿ ಅವಳು ಯಾರನ್ನ ಕೇಳಬೇಕು ಅನ್ನೋದನ್ನ ಮೊದಲ ವಾರದಲ್ಲೇ ಹೇಳಿ. ಅಪ್ಪಂದಿರು ಇನ್ನೂ ಸ್ವಲ್ಪ ತಾಳ್ಮೆ ತಗೋಬೇಕು. ಈ ವಯಸ್ಸಿನ ಹುಡುಗಿಗೆ ಗಂಡಸರ ಜೊತೆ ಹಿಂದೆ ಯಾವ ಅನುಭವ ಆಗಿದೆಯೋ ನಿಮಗೆ ಗೊತ್ತಿರಲ್ಲ. ಎರಡು ಹೆಜ್ಜೆ ದೂರ ನಿಂತು, ಶಾಲೆಗೆ ಬಿಟ್ಟು, ಸೈಕಲ್ ಪಂಕ್ಚರ್ ಹಾಕಿಸಿಕೊಟ್ಟು, ನಂಬಿಕೆ ಗಳಿಸಿ.

ಭಾಷೆಯ ವಿಷಯ ಮರೀಬೇಡಿ. ನಾನು ಹೇಳಿದ ನಾಲ್ಕು ತಾಲೂಕಿನಲ್ಲಿ ಇದು ದೊಡ್ಡ ವಿಷಯ. ಜೋಯಿಡಾದ ಕುಣಬಿ ಹಾಡಿಯಲ್ಲಿ ಕೊಂಕಣಿ ಕೇಳಿಕೊಂಡು ಬೆಳೆದ ಮಗು ಕನ್ನಡದ ಮನೆಗೆ ಬರಬಹುದು, ಹಳಿಯಾಳದ ಮರಾಠಿ ಮಾತಾಡೋ ಮನೆಗೆ ಕನ್ನಡದ ಮಗು ಬರಬಹುದು. ನಿದ್ದೆಯಲ್ಲಿ ಅವಳು ಬಡಬಡಿಸೋದು ಹಳೇ ಭಾಷೆಯಲ್ಲೇ. ನೀವು ಆ ಭಾಷೆಯ ನಾಲ್ಕು ಮಾತು ಕಲೀರಿ. 'ಊಟ ಆಯ್ತಾ' ಅಂತ ಅವಳ ಮಾತಿನಲ್ಲಿ ಒಮ್ಮೆ ಕೇಳಿ ನೋಡಿ. ಹೊಂದಿಕೊಳ್ಳೋದು ಅವಳೊಬ್ಬಳ ಹೋಂವರ್ಕ್ ಅಲ್ಲ. ಇಡೀ ಮನೆ ಹೊಂದಿಕೊಳ್ಳಬೇಕು.

ಕಾನೂನು ಏನು ಹೇಳುತ್ತೆ? ಬಹಳ ಜನ ಇಲ್ಲಿ ಎಡವುತ್ತಾರೆ, ಅದಕ್ಕೆ ಬಿಡಿಸಿ ಹೇಳ್ತೀನಿ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ರೂಢಿ ಇದ್ದ ಹೊರತು ಹದಿನೈದು ತುಂಬಿದವರನ್ನ ದತ್ತು ತಗೊಳ್ಳೋಕೆ ಬರಲ್ಲ. ಬಾಲನ್ಯಾಯ ಕಾಯ್ದೆ 2015ರ ಕೆಳಗೆ ಹದಿನೆಂಟರ ತನಕ ಅವಕಾಶ ಇದೆ, ಧರ್ಮದ ಅಡ್ಡಿಯೂ ಇಲ್ಲ. ಅರ್ಜಿ ಹಾಕಬೇಕಾದ್ದು ಕೇಂದ್ರ ದತ್ತು ಪ್ರಾಧಿಕಾರ 'ಕಾರಾ'ದ ಪೋರ್ಟಲ್‌ನಲ್ಲಿ. ಎಂಟು ವರ್ಷ ಮೇಲ್ಪಟ್ಟ ಮಗುವಿಗೆ ದಂಪತಿಯ ಇಬ್ಬರ ವಯಸ್ಸು ಸೇರಿಸಿ 110 ದಾಟಿರಬಾರದು, ಒಂಟಿಯಾಗಿ ತಗೊಳ್ಳೋರಿಗೆ 55 ದಾಟಿರಬಾರದು. ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷ ಅಂತರ ಇರಬೇಕು. ಒಂಟಿ ಹೆಂಗಸು ಹುಡುಗಿಯನ್ನ ದತ್ತು ತಗೋಬಹುದು, ಒಂಟಿ ಗಂಡಸು ತಗೊಳ್ಳೋಹಾಗಿಲ್ಲ. ಮೊದಲು ಕೋರ್ಟಿಗೆ ಅಲೀಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡೋದು ಜಿಲ್ಲಾಧಿಕಾರಿ. ಅಂದ್ರೆ ಈ ನಾಲ್ಕು ತಾಲೂಕಿನವರಿಗೆ ಕಾರವಾರ.

ಇನ್ನೂ ಒಂದು ಮುಖ್ಯ ಮಾತು. ಆದೇಶ ಕೊಡೋ ಮೊದಲು ಮಗುವಿನ ವಯಸ್ಸು, ತಿಳುವಳಿಕೆಗೆ ತಕ್ಕ ಹಾಗೆ ಅವಳ ಇಷ್ಟವನ್ನ ಪರಿಗಣಿಸಲೇಬೇಕು ಅಂತ ಕಾನೂನು ಹೇಳುತ್ತೆ. ಹದಿನಾಲ್ಕರ ಹುಡುಗಿಯನ್ನ 'ನಿನಗೆ ಈ ಮನೆ ಇಷ್ಟವಾ' ಅಂತ ಕೇಳಬೇಕು. 'ಹೂಂ' ಅನ್ನೋದಕ್ಕೆ ಅವಳಿಗೆ ಎಷ್ಟು ಹಕ್ಕಿದೆಯೋ 'ಊಹೂಂ' ಅನ್ನೋದಕ್ಕೂ ಅಷ್ಟೇ ಹಕ್ಕಿದೆ. ದತ್ತು ಆದಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ವಿಚಾರಿಸಬೇಕು. ಹಾಗೆ ವಿಚಾರಿಸೋರು ಬಂದಾಗ ಚಹಾ ಕೊಟ್ಟು, ಹುಡುಗಿಗೆ ಹೊಸ ಬಟ್ಟೆ ಹಾಕಿಸಿ, ಫೋಟೋ ತೆಗೆಸಿ ಕಳಿಸಬೇಡಿ. ಕಷ್ಟ ಇದ್ರೆ ಕಷ್ಟ ಅಂತ ಹೇಳಿ. ಅವರು ಬರೋದು ಪೊಲೀಸ್ ಕೆಲಸಕ್ಕಲ್ಲ, ಕೈ ಹಿಡಿಯೋದಕ್ಕೆ. ವಿಚಾರಿಸಲು ಬರೋ ಅಧಿಕಾರಿಗಳಿಗೂ ಒಂದು ಮಾತು: ಹುಡುಗಿಯ ಜೊತೆ ಹತ್ತು ನಿಮಿಷವಾದರೂ ಪ್ರತ್ಯೇಕವಾಗಿ ಕೂತು ಮಾತಾಡಿ. ಅಪ್ಪ ಅಮ್ಮನ ಮುಂದೆ ಕೇಳಿದ್ರೆ 'ಚೆನ್ನಾಗಿದೀನಿ ಸರ್' ಅನ್ನೋ ಉತ್ತರ ಬಿಟ್ಟು ಬೇರೆ ಬರಲ್ಲ.

ಒಮ್ಮೆಲೇ ದತ್ತು ತಗೊಳ್ಳೋಕೆ ಧೈರ್ಯ ಇಲ್ಲದವರಿಗೂ ದಾರಿ ಇದೆ. ಫಾಸ್ಟರ್ ಕೇರ್, ಅಂದ್ರೆ ಪೋಷಕತ್ವ. 2024ರ ಹೊಸ ಮಾರ್ಗಸೂಚಿ ಪ್ರಕಾರ ಎರಡು ವರ್ಷ ಜೊತೆಗಿದ್ದು ಒಬ್ಬರಿಗೊಬ್ಬರು ಒಗ್ಗಿದ ಮೇಲೆ ದತ್ತು ಕೇಳಬಹುದು. ದೊಡ್ಡ ಮಕ್ಕಳಿಗೆ ಇದು ಒಳ್ಳೆ ದಾರಿ ಅಂತ ನನಗನ್ನಿಸುತ್ತೆ.

2024-25ರಲ್ಲಿ ದೇಶದಲ್ಲಿ ಕಾರಾ ಮೂಲಕ 4,515 ದತ್ತು ನಡೆದವು, ಸುಮಾರು ಹನ್ನೆರಡು ವರ್ಷದಲ್ಲೇ ಹೆಚ್ಚು. ಸಂತೋಷ. ಆದ್ರೆ ಎಲ್ಲರೂ ಕಾಯೋದು ಪುಟ್ಟ ಕೂಸಿಗೆ. ಆ ಕ್ಯೂ ಉದ್ದ ಇದೆ, ವರ್ಷಗಟ್ಟಲೆ ಕಾಯ್ತಾರೆ. ದೊಡ್ಡ ಹುಡುಗಿಯರ ಕಡೆಗೆ ಕ್ಯೂ ಇಲ್ಲ. ಹದಿನೆಂಟು ತುಂಬಿದ ದಿನ ಅವಳು ದತ್ತಿನ ಪಟ್ಟಿಯಿಂದಲೇ ಹೊರಗೆ.

ದೊಡ್ಡ ಹುಡುಗಿಯನ್ನ ತಂದ್ರೆ ಹೊಂದಿಕೊಳ್ಳಲ್ಲ ಅನ್ನೋರಿಗೆ ಒಂದು ಉದಾಹರಣೆ. ರವೀನಾ ಟಂಡನ್ ಗೊತ್ತಲ್ಲ? ಉಪೇಂದ್ರ ಸಿನಿಮಾದ ನಾಯಕಿ, ಕೆಜಿಎಫ್ ಎರಡನೇ ಭಾಗದ ರಮಿಕಾ ಸೇನ್. 1995ರಲ್ಲಿ, ಇನ್ನೂ ಮದುವೆಯಾಗದ ಹೊತ್ತಿನಲ್ಲಿ, ಬಂಧುಗಳ ಇಬ್ಬರು ಹುಡುಗಿಯರನ್ನ ಮಕ್ಕಳಾಗಿ ಸ್ವೀಕರಿಸಿದರು. ಒಬ್ಬಳಿಗೆ ಹನ್ನೊಂದು, ಇನ್ನೊಬ್ಬಳಿಗೆ ಎಂಟು. ಜನ ಏನು ಹೇಳಿರಬಹುದು ಊಹಿಸಿ: 'ಇನ್ನು ಇವಳನ್ನ ಯಾರು ಮದುವೆ ಆಗ್ತಾರೆ?' ಅವರಿಗೆ ಮದುವೆಯೂ ಆಯ್ತು, ಇನ್ನಿಬ್ಬರು ಮಕ್ಕಳೂ ಆದರು, ಆ ಹುಡುಗಿಯರೂ ಬೆಳೆದು ಸಂಸಾರ ಕಟ್ಟಿಕೊಂಡರು. ಸ್ಟಾರ್‌ಗೆ ದುಡ್ಡಿದೆ ಬಿಡಿ ಅಂತೀರಾ? ದುಡ್ಡಿನಿಂದ ಆಗೋ ಕೆಲಸ ಇದರಲ್ಲಿ ಸ್ವಲ್ಪವೇ ಇದೆ.

ಇನ್ನು ನೆಂಟರ ವಿಷಯ. ಅಪ್ಪ ಅಮ್ಮ ಒಪ್ಪಿರ್ತಾರೆ, ಅತ್ತೆ ಚಿಕ್ಕಪ್ಪ ಒಪ್ಪಿರಲ್ಲ. ಗಣೇಶ ಚೌತಿಗೆ ಊರಿಗೆ ಹೋದಾಗ 'ಇವಳೇನಾ ನೀವು ತಂದಿದ್ದು?' ಅಂತಾರೆ. ತಂದಿದ್ದು! ಸಂತೆಯಿಂದ ತಂದ ಹಾಗೆ. 'ಯಾವ ಜಾತಿಯಂತೆ?' 'ಆಸ್ತಿ ಇವಳ ಹೆಸರಿಗೂ ಹೋಗುತ್ತಾ?' ಹುಡುಗಿ ಅಲ್ಲೇ ನಿಂತಿರ್ತಾಳೆ, ಎಲ್ಲ ಕೇಳಿಸುತ್ತೆ. ಆ ನೆಂಟರಿಗೆ ಉತ್ತರ ಧಾರವಾಡದಲ್ಲೇ ಇದೆ. 2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಒಂದು ತೀರ್ಪು ಕೊಡ್ತು. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಮತ್ತು ನ್ಯಾಯಮೂರ್ತಿ ಜಿ. ಬಸವರಾಜ ಅವರ ಪೀಠ. ಸರ್ಕಾರಿ ನೌಕರರೊಬ್ಬರು ತೀರಿಕೊಂಡಿದ್ರು, ದತ್ತು ಮಗ ಅನುಕಂಪದ ನೌಕರಿ ಕೇಳಿದ್ರೆ ಇಲಾಖೆ ದತ್ತು ಅನ್ನೋ ಕಾರಣಕ್ಕೆ ಇಲ್ಲ ಅಂದಿತ್ತು. ಕೋರ್ಟು ಹೇಳಿದ್ದರ ಸಾರ ಇಷ್ಟು: ಮಗ ಅಂದ್ರೆ ಮಗ, ಮಗಳು ಅಂದ್ರೆ ಮಗಳು, ದತ್ತಾಗಲಿ ಅಲ್ಲದಿರಲಿ, ಇಬ್ಬರ ನಡುವೆ ವ್ಯತ್ಯಾಸ ಮಾಡಿದ್ರೆ ದತ್ತು ಅನ್ನೋದಕ್ಕೇ ಅರ್ಥ ಇಲ್ಲ. ಆಸ್ತಿಯಲ್ಲೂ ಅಷ್ಟೇ, ಆದೇಶ ಆದ ದಿನದಿಂದ ಅವಳು ಎಲ್ಲ ಉದ್ದೇಶಕ್ಕೂ ಆ ಮನೆಯ ಮಗಳು.

ಈಗ ಬಹಳ ಸೂಕ್ಷ್ಮ ವಿಷಯ. ಒಂದು ದಿನ ಅವಳು ಕೇಳ್ತಾಳೆ: 'ನನ್ನ ಹುಟ್ಟಿದ ಊರಿಗೆ ಒಮ್ಮೆ ಹೋಗಬೇಕು.' ಎದೆ ಧಸಕ್ ಅನ್ನುತ್ತೆ ನಿಮಗೆ. ಇಷ್ಟು ಪ್ರೀತಿ ಕೊಟ್ಟರೂ ಇವಳ ಮನಸ್ಸು ಅಲ್ಲೇ ಇದೆಯಲ್ಲ ಅಂತ. ಇಲ್ಲ, ಹಾಗಲ್ಲ. ಕಾಳಿ ಎಷ್ಟು ಅಣೆಕಟ್ಟು ದಾಟಿದರೂ ಅದರ ಹುಟ್ಟು ಜೋಯಿಡಾದ ಡಿಗ್ಗಿಯೇ. ಮೂಲ ಹುಡುಕೋ ಹಕ್ಕನ್ನ ಕಾನೂನೇ ಒಪ್ಪಿದೆ. ಹದಿನೆಂಟು ಆದಮೇಲೆ ತಾನೇ ಅರ್ಜಿ ಹಾಕಬಹುದು, ಅದಕ್ಕೂ ಮುಂಚೆ ದತ್ತು ಪೋಷಕರ ಜೊತೆಗೂಡಿ ಹಾಕಬಹುದು. ಹೆತ್ತವರು ಒಪ್ಪದಿದ್ರೆ ಅವರ ವಿವರ ಕೊಡಲ್ಲ, ಅದೂ ನ್ಯಾಯವೇ. 'ನಾನೂ ಜೊತೆಗೆ ಬರ್ತೀನಿ' ಅನ್ನಿ. ಹೋಗಿ ಬಂದ ಹುಡುಗಿ ಹೆಚ್ಚು ನಿಮ್ಮವಳಾಗ್ತಾಳೆ. ತಡೆದ ಹುಡುಗಿ ಮನಸ್ಸಿನಲ್ಲೇ ಹೊರಟುಹೋಗ್ತಾಳೆ.

ಕೊನೆಯಲ್ಲಿ ನಮ್ಮ ಬಗ್ಗೆ. ನಮ್ಮ ಅಂದ್ರೆ ಟಿವಿಯವರ ಬಗ್ಗೆ. ಶುರುವಿನಲ್ಲಿ ನಾನು ಊಹಿಸಿಕೊಳ್ಳಿ ಅಂದೆ, ನಿಜವಾದ ಒಬ್ಬ ಹುಡುಗಿಯ ಹೆಸರು ಹೇಳಲಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಹೆಸರು, ಮುಖ, ಊರು, ಶಾಲೆ ತೋರಿಸೋ ಹಾಗಿಲ್ಲ. ಆರು ತಿಂಗಳ ತನಕ ಜೈಲು, ಎರಡು ಲಕ್ಷದ ತನಕ ದಂಡ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ರೀಲ್ಸ್‌ನಿಂದ ಹೆಸರಾದವರೊಬ್ಬರ ಮೇಲೆ ನಿಯಮ ಮೀರಿ ಮಗುವನ್ನ ದತ್ತು ಪಡೆದ ಆರೋಪ ಬಂದಾಗ ನಾವೆಲ್ಲ ಏನು ಮಾಡಿದ್ವಿ? ದಿನಗಟ್ಟಲೆ ಅದೇ ಚರ್ಚೆ. ಕೋರ್ಟಿನ ವಿಷಯ ಕೋರ್ಟಿಗೆ, ಆರೋಪದ ಬಗ್ಗೆ ನಾನಿಲ್ಲಿ ಮಾತಾಡಲ್ಲ. ನಾನು ಕೇಳೋದು ಇಷ್ಟೇ: ನಾವು ಅಷ್ಟು ಮಾತಾಡಿದ್ವಲ್ಲ, ಮನೆಯಲ್ಲಿ ಕೂತು ಅದನ್ನ ನೋಡ್ತಿದ್ದ ದತ್ತು ಹುಡುಗಿಯರಿಗೆ ಏನನ್ನಿಸಿರಬಹುದು? ನಮ್ಮಂಥವರು ಅಂದ್ರೆ ಒಂದು ಕೇಸು, ಒಂದು ಬ್ರೇಕಿಂಗ್ ನ್ಯೂಸ್ ಅಂತ ತಾನೇ? ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಒಪ್ಕೋತೀನಿ.

ವೀಕ್ಷಕರೇ, ಯಾವುದಾದ್ರೂ ಮನೆಯಲ್ಲಿ ಸಾಕುಮಗಳು ಅನ್ನೋ ಹೆಸರಲ್ಲಿ ಹುಡುಗಿ ದುಡೀತಿದ್ರೆ 1098ಕ್ಕೆ ಒಂದು ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಮನೆಯಲ್ಲಿ ಜಾಗ ಇದ್ದು ಮನಸ್ಸಿನಲ್ಲೂ ಜಾಗ ಇದ್ರೆ, ದೊಡ್ಡ ಹುಡುಗಿಯೊಬ್ಬಳ ಬಗ್ಗೆ ಯೋಚನೆ ಮಾಡಿ.

ಮತ್ತೆ ದಾಂಡೇಲಿಯ ಆ ಬಾಗಿಲಿಗೆ ಬರೋಣ. ಆರತಿ ತಟ್ಟೆ ಹಾಗೇ ಇರಲಿ, ಕಣ್ಣೀರೂ ಇರಲಿ. ಆ ಹಿರಿಯರ ಮಾತನ್ನಷ್ಟೇ ಬದಲಾಯಿಸೋಣ. 'ಇದೇ ನಿನ್ನ ಮನೆ ಮಗಾ. ಏನೂ ಮರೀಬೇಡ. ನಿಧಾನಕ್ಕೆ, ನಿನಗೆ ಹೇಳಬೇಕು ಅನ್ನಿಸಿದಾಗ, ನಮಗೂ ಹೇಳು.'